ಹುಲ್ಲಿನಡಿ ಹೂತುಹೋದ ವಾಲ್ವ್

ಸಾಗರದ ಮಾರುಕಟ್ಟೆ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ, ಹೊಲಿಗೆಯಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸುಮನಾಳ ರಿಪೇರಿ ಅಂಗಡಿ. ಆ ಮಳಿಗೆ ಬಹಳ ಕಾಲ ಖಾಲಿ ಬಿದ್ದಿತ್ತು. ದಿನವಿಡೀ ಗಿರಣಿಯ ಗಡಗಡ ಕೇಳುತ್ತ ಕೂರುವುದು ಯಾರಿಂದಲೂ ಆಗುತ್ತಿರಲಿಲ್ಲ. ಸುಮನಾಳಿಗೆ ಅದು ತೊಂದರೆಯೇ ಅಲ್ಲ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹಿಂದೆ ಸಿಕ್ಕಿಸಿಕೊಂಡ ಯಂತ್ರ ತೆಗೆದಿಟ್ಟರೆ ಗಿರಣಿಯೂ ಒಂದೇ, ಗುಡಿಯೂ ಒಂದೇ.

ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಪಂಪಿನ ಸ್ಟಾರ್ಟರು, ಸೆಟ್‌ಟಾಪ್ ಬಾಕ್ಸು, ಯಾವುದು ಬಂದರೂ ಬಿಚ್ಚಿ ನೋಡುತ್ತಿದ್ದಳು. ಗಿರಾಕಿಗಳು ಸಾಮಾನನ್ನು ಮೇಜಿನ ಮೇಲಿಟ್ಟು, ಕೆಟ್ಟ ಜಾಗವನ್ನು ಬೆರಳಿನಿಂದ ತೋರಿಸಿ, ಕೈಸನ್ನೆಯಲ್ಲೇ ‘ಯಾವಾಗ?’ ಎಂದು ಕೇಳಿ ಹೋಗುತ್ತಿದ್ದರು. ಮಾತಾಡುವ ಪ್ರಯತ್ನ ಮಾಡಿದವರೂ ಇದ್ದರು. ಅವಳು ತುಟಿ ನೋಡುತ್ತಿದ್ದಳು, ಯಂತ್ರದಲ್ಲಿ ಬಂದಷ್ಟನ್ನು ಅದಕ್ಕೆ ಜೋಡಿಸುತ್ತಿದ್ದಳು. ಆದರೂ ಹರಿಯದೆ “ಏನಂದ್ರಿ?” ಎಂದರೆ ಎರಡನೆಯ ಸಲ ಜೋರಾಗಿ ಹೇಳುವರು. ಮೂರನೆಯ ಸಲ “ಏನಿಲ್ಲ ಬಿಡಿ” ಎಂದುಬಿಡುವರು. ಆ ಎರಡು ಪದಗಳನ್ನು ಮಾತ್ರ ಅವಳು ಎಂಥ ತುಟಿಯ ಮೇಲೂ ತಪ್ಪದೆ ಓದಬಲ್ಲಳು.

ಅವಳ ಹುಟ್ಟೂರು ಬ್ಯಾಕೋಡಿನ ಹತ್ತಿರ, ಹಿನ್ನೀರಿನ ಆಚೆ. ಹುಟ್ಟುವಾಗ ಕಿವಿ ಚೆನ್ನಾಗಿಯೇ ಇತ್ತು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಜ್ವರವೊಂದು ಬಂದು ಹೋಯಿತು. ಅದಾದ ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು, “ಈ ಸಲ ಜೀರುಂಡೆನೇ ಕೂಗ್ಲಿಲ್ಲ ಅಲ್ದಾ ಅಪ್ಪ?” ಎಂದಳು. ಅಪ್ಪ ಬೆಳ್ಳಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದ. ಜೀರುಂಡೆ ಆ ಗಳಿಗೆಯಲ್ಲೂ ಕಿವಿ ತೂತಾಗುವಂತೆ ಕೂಗುತ್ತಿತ್ತು. ಮುಂದೆ ಒಂದೊಂದೇ ಸದ್ದು ಹೋಯಿತು: ಅಮ್ಮನ ಬಳೆ, ಪಾತ್ರೆಯ ತಳದಲ್ಲಿ ಕುದಿಯುವ ನೀರು, ಆಮೇಲೆ ಮಾತಿನ ತುದಿಗಳು.

ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಳು. ಟಿವಿ ರಿಪೇರಿಯ ಚಂದ್ರಯ್ಯ ಅವಳನ್ನು ಕೆಲಸಕ್ಕೆ ಇಟ್ಟುಕೊಂಡರು. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಸೋಲ್ಡರ್ ಕಡ್ಡಿಯ ತುದಿಯಿಂದ ತೋರಿಸಿ ಕಲಿಸಿದರು. ಇಬ್ಬರಿಗೂ ಅದು ಹಿತವಾಗಿತ್ತು. ಅವರು ತೀರಿಕೊಂಡ ಮೇಲೆ ಮನೆಯವರು ಕೆಲಸದ ಮೇಜನ್ನು ಅವಳಿಗೇ ಕೊಟ್ಟರು. ಅದನ್ನು ಹೊತ್ತು ತಂದು ಈ ಓಣಿಯಲ್ಲಿ ಇಟ್ಟುಕೊಂಡಳು. ನಡುವೆ ಒಮ್ಮೆ ಹೊಸನಗರದ ಕಡೆಯಿಂದ ಒಂದು ಗಂಡು ನೋಡಲು ಬಂದಿತ್ತು. ಹುಡುಗ ತಲೆ ತಗ್ಗಿಸಿಕೊಂಡು ಏನೋ ಕೇಳಿದ. ತುಟಿ ಕಾಣಲಿಲ್ಲ. ಅವಳು ಧೈರ್ಯ ಮಾಡಿ “ಹೌದು” ಅಂದಳು. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಾಫಿ ಕುಡಿದು ಎದ್ದು ಹೋದರು. ಅವನು ಏನು ಕೇಳಿದ್ದ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ತಂಗಿ ಲಿಖಿತಾಳ ಮದುವೆ ಮುಂದೆ ತೀರ್ಥಹಳ್ಳಿಗೆ ಆಯಿತು. ಅಕ್ಕತಂಗಿಯರ ಮಾತುಕತೆ ಈಗ ಫೋನಿನ ಪರದೆಯ ಮೇಲೆ ಹೂವಿನ ಚಿತ್ರ, ಹೆಬ್ಬೆರಳ ಚಿತ್ರ, ಇಷ್ಟಕ್ಕೆ ಬಂದು ನಿಂತಿತ್ತು.

ಕಿವಿಯ ಯಂತ್ರದ ಬೆನ್ನಿನ ಮೇಲೆ ಸಣ್ಣದೊಂದು ಸ್ವಿಚ್ಚಿದೆ. ‘ಎಂ’ ಎಂಬಲ್ಲಿಗೆ ಸರಿಸಿದರೆ ಮೈಕು ಕೆಲಸ ಮಾಡುತ್ತದೆ, ಹೊರಗಿನ ಸದ್ದು ಕೇಳುತ್ತದೆ. ‘ಟಿ’ ಎಂಬಲ್ಲಿಗೆ ಸರಿಸಿದರೆ ಮೈಕು ಸತ್ತು, ಒಳಗಿನ ಒಂದು ಚಿಕ್ಕ ತಂತಿಸುರುಳಿ ಎಚ್ಚರವಾಗುತ್ತದೆ. ಅದು ಟೆಲಿಫೋನಿಗೆಂದು ಮಾಡಿದ್ದು. ಹಳೆಯ ರಿಸೀವರಿನ ಅಯಸ್ಕಾಂತದ ಮಿಡಿತವನ್ನು ಆ ಸುರುಳಿ ನೇರವಾಗಿ ಹಿಡಿದು ಕಿವಿಗೆ ಕೊಡುತ್ತದೆ, ನಡುವೆ ಗಾಳಿಯೂ ಇಲ್ಲ, ಗದ್ದಲವೂ ಇಲ್ಲ. ಊರಿನ ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದಷ್ಟು ಕಾಲ ಅವಳು ಅಂಗಡಿಯ ಪಕ್ಕದ ಬೂತಿನಿಂದ ಅಮ್ಮನಿಗೆ ಫೋನು ಮಾಡಿ, ಸ್ವಿಚ್ಚು ಸರಿಸಿ, ಅಮ್ಮನ ಮಾತನ್ನು ಪೂರ್ತಿ ಕೇಳುತ್ತಿದ್ದಳು. ಪ್ರಪಂಚದಲ್ಲಿ ಅವಳಿಗೆ ಪೂರ್ತಿ ಕೇಳುತ್ತಿದ್ದ ದನಿ ಅದೊಂದೇ. ಬೂತು ಮುಚ್ಚಿತು. ಲೈನು ಹೋಯಿತು. ಅಮ್ಮನೂ ಹೋದಳು. ಮೊಬೈಲಿನಲ್ಲಿ ‘ಟಿ’ ಹಾಕಿದರೆ ಬರೀ ಕರಕರ. ಆ ಸ್ವಿಚ್ಚನ್ನು ಅವಳು ಮುಟ್ಟುವುದನ್ನೇ ಬಿಟ್ಟಿದ್ದಳು.

ಚಳಿ ಮುಗಿದು ಬಿಸಿಲು ಏರತೊಡಗಿದ್ದ ಒಂದು ದಿನ ಆನಂದಪುರದ ಗಣೇಶಮೂರ್ತಿ ಅಂಗಡಿಗೆ ಬಂದರು. ರಸ್ತೆ ಬದಿಯಲ್ಲಿ ಅವರದೊಂದು ಸಭಾಭವನವಿತ್ತು, ಅದರ ಮುಂದೆ ಮದುವೆಯ ಆರತಕ್ಷತೆಗಳಿಗೆಂದು ಬೆಳೆಸಿದ ಹುಲ್ಲುಹಾಸು. ಮೀಸೆ ಇಲ್ಲದ, ನಿಧಾನ ಮಾತಿನ ಮನುಷ್ಯ. ಅಂಥವರ ತುಟಿ ಓದುವುದು ಸುಲಭ. ಬಗಲಿನಲ್ಲಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

“ಹುಲ್ಲಿಗೆ ನೀರು ಬಿಡೋ ಟೈಮರ್ರು ಇದು. ನಾಲ್ಕು ಭಾಗ ಇದ್ದು. ಮೂರಕ್ಕೆ ನೀರು ಬತ್ತು, ಒಂದಕ್ಕೆ ಬತ್ತಿಲ್ಲೆ,” ಎಂದವರು ಮನೆಮಾತು ಬಂದುಬಿಟ್ಟಿತೆಂದು ತಾವೇ ತಿದ್ದಿಕೊಂಡು, “ಬರ್ತಾ ಇಲ್ಲ. ಇದ್ರಲ್ಲೇ ಎಂತದೋ ಆಗಿದೆ,” ಅಂದರು.

ಸುಮನಾ ಪೆಟ್ಟಿಗೆಗೆ ಕರೆಂಟು ಕೊಟ್ಟು ಒಂದೊಂದೇ ತುದಿಯಲ್ಲಿ ಮೀಟರ್ ಹಿಡಿದು ನೋಡಿದಳು. ನಾಲ್ಕೂ ಸರಿಯಾಗಿದ್ದವು. “ಪೆಟ್ಟಿಗೆ ಚೆನ್ನಾಗಿದೆ. ತೊಂದ್ರೆ ನಿಮ್ಮ ನೆಲದಲ್ಲಿದೆ,” ಎಂದಳು. ತನ್ನ ದನಿ ಎಷ್ಟು ಏರುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಗಣೇಶಮೂರ್ತಿ ಅರ್ಧ ಹೆಜ್ಜೆ ಹಿಂದೆ ಸರಿದದ್ದನ್ನು ನೋಡಿ ಏರಿದೆ ಎಂದು ತಿಳಿದುಕೊಂಡಳು.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿ ಆನಂದಪುರದಲ್ಲಿ ಇಳಿದಳು. ಹುಲ್ಲುಹಾಸಿನ ಮೂರು ಪಾಲು ಹಸಿರಾಗಿತ್ತು, ಒಂದು ಪಾಲು ಹಳೆಯ ಚಾಪೆಯ ಬಣ್ಣಕ್ಕೆ ತಿರುಗಿತ್ತು. ಒಣಗಿದ ಕಡೆ ಅಲ್ಲಲ್ಲಿ ಗುಂಡಿ ತೋಡಿ ಮುಚ್ಚಿದ ಗುರುತು. ತೋಟದ ಕೆಲಸದ ಹೂವಮ್ಮ ರಬ್ಬರ್ ಪೈಪು ಎಳೆದುಕೊಂಡು ಆ ಭಾಗಕ್ಕೆ ಕೈಯಾರೆ ನೀರು ಹಾಯಿಸುತ್ತಿದ್ದಳು. ಸುಮನಾಳಿಗಿಂತ ಹಿರಿಯಳು, ಗಟ್ಟಿ ಮೈಯವಳು, ಬಾಯ್ತುಂಬ ಕವಳ. ಬಂದವಳನ್ನು ಕಂಡದ್ದೇ ಮಾತಿಗೆ ಶುರುಮಾಡಿದಳು. ಎಲೆಯಡಿಕೆ ತುಂಬಿದ ಬಾಯಿ ಹೇಗೆ ಅಲುಗಿದರೂ ಒಂದೇ ಆಕಾರ. ಸುಮನಾಳಿಗೆ ಒಂದಕ್ಷರವೂ ಸಿಗಲಿಲ್ಲ. ಅವಳು ನಕ್ಕು ತಲೆಯಾಡಿಸಿದಳು. ಅದು ಅವಳ ಹಳೆಯ ರೂಢಿ.

ಹುಲ್ಲಿನ ಪ್ರತಿ ಭಾಗಕ್ಕೂ ನೆಲದೊಳಗೆ ಒಂದೊಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ವಾಲ್ವಿನ ನೆತ್ತಿಯ ಮೇಲೆ ತಾಮ್ರದ ತಂತಿಯ ಸುರುಳಿ. ಟೈಮರಿನಿಂದ ಕರೆಂಟು ಬಂದಾಗ ಸುರುಳಿ ಅಯಸ್ಕಾಂತವಾಗಿ ಒಳಗಿನ ಕಡ್ಡಿಯನ್ನು ಮೇಲಕ್ಕೆಳೆಯುತ್ತದೆ; ನೀರಿಗೆ ದಾರಿ ಬಿಡುತ್ತದೆ. ಸುಮನಾ ಗೋಡೆಯ ಬಳಿ, ಒಣಗಿದ್ದ ನಾಲ್ಕನೆಯ ಭಾಗದ ತಂತಿಗೆ ಮೀಟರ್ ಹಿಡಿದಳು. ಮುಳ್ಳು ಅಲುಗಿತು. ತಂತಿ ಕಡಿದಿಲ್ಲ, ಸುರುಳಿಯೂ ಸುಟ್ಟಿಲ್ಲ. ವಾಲ್ವಿನೊಳಗೆ ಕಸ ಸಿಕ್ಕಿರಬೇಕು. ಬಿಚ್ಚಿ ತೊಳೆದರೆ ಮುಗಿಯಿತು. ಆದರೆ ಅದು ಎಲ್ಲಿದೆ?

“ಅದನ್ನೇ ಹುಡುಕ್ತಾ ಇದೀವಿ. ಹೋದ ವರ್ಷ ಮಣ್ಣು ಏರಿಸಿ ಹೊಸ ಹುಲ್ಲು ಹಾಸಿದ್ರು. ಮುಚ್ಚಳ ಕೆಳಗೇ ಉಳೀತು,” ಎಂದರು ಗಣೇಶಮೂರ್ತಿ. ಪೈಪು ಹಾಕಿದ್ದ ಮುಕುಂದಯ್ಯ ಈಗ ಮಂಗಳೂರಿನ ಕಡೆ ಕೆಲಸದಲ್ಲಿದ್ದ. ಅವನಿಗೆ ಫೋನು ಮಾಡಿದರೆ, “ಮಾವಿನ ಸಸಿ ಇದ್ಯಲ್ಲ, ಅದ್ರ ಬುಡದಿಂದ ಒಂದು ಮಾರು” ಅಂದನಂತೆ. ಸಸಿಯನ್ನು ಹುಲ್ಲು ಹಾಸುವಾಗಲೇ ಕಿತ್ತಿದ್ದರು. ಎಲ್ಲಿತ್ತೆಂದು ಮೂವರು ಮೂರು ಕಡೆ ತೋರಿಸಿದರು.

ಗಣೇಶಮೂರ್ತಿ ಇನ್ನಷ್ಟು ಅಗೆಸುವ ಮಾತಾಡುತ್ತ ಒಳಗೆ ಹೋದರು. ಸುಮನಾ ಒಣಹುಲ್ಲಿನ ಮೇಲೆ ಒಬ್ಬಳೇ ನಿಂತಳು. ಕರೆಂಟು ಹರಿದರೆ ಸುರುಳಿ ಮಿಡಿಯುತ್ತದೆ, ರಿಸೀವರಿನೊಳಗಿನ ಸುರುಳಿ ಮಿಡಿದ ಹಾಗೆಯೇ. ಅವಳ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಬಹಳ ಹೊತ್ತು ಬೆರಳು ಅಲ್ಲೇ ನಿಂತಿತ್ತು. ಆಮೇಲೆ ಸ್ವಿಚ್ಚನ್ನು ‘ಟಿ’ಗೆ ಸರಿಸಿದಳು.

ರಸ್ತೆಯ ಲಾರಿಗಳು, ಹೂವಮ್ಮನ ಪೈಪಿನ ನೀರು, ಇದ್ದಬದ್ದ ಮಸುಕು ಸದ್ದೆಲ್ಲ ಒಂದೇ ಏಟಿಗೆ ನಿಂತವು. ಆ ನಿಶ್ಶಬ್ದದ ತಳದಲ್ಲಿ ಸಣ್ಣದೊಂದು ಗುಂಯ್ ಇತ್ತು. ಅಮ್ಮ “ಹಲೋ” ಅನ್ನುವ ಮೊದಲು ಲೈನಿನಲ್ಲಿ ಇರುತ್ತಿದ್ದಂಥದೇ ಗುಂಯ್. ಅವಳು ಒಂದು ಗಳಿಗೆ ಕಾದಳು. ಯಾರೂ ಮಾತಾಡಲಿಲ್ಲ.

ಟೈಮರನ್ನು ನಾಲ್ಕನೆಯ ಭಾಗಕ್ಕೆ ತಿರುಗಿಸಿ ಬಂದು, ಮಂಡಿಯೂರಿ, ಬಲಗಿವಿಯನ್ನು ಹುಲ್ಲಿಗೆ ತಾಗಿಸಿ ಹುಡುಕತೊಡಗಿದಳು. ಗುಂಯ್ ಒಂದು ಕಡೆ ದಪ್ಪವಾಯಿತು. ಅದನ್ನೇ ಹಿಡಿದು ಹೋದಳು. ತೀರ ಜೋರಾದ ಕಡೆ ಗೂಟ ನೆಟ್ಟಳು. ಹೂವಮ್ಮ ಅಗೆದಳು. ಅಡಿಯಲ್ಲಿ ಸಿಕ್ಕಿದ್ದು ದೀಪದ ಕಂಬಕ್ಕೆ ಹೋಗುವ ಕೇಬಲ್ಲು. ಅಗೆದದ್ದನ್ನು ನೋಡಲು ಬಂದ ಗಣೇಶಮೂರ್ತಿ “ಇರ್ಲಿ, ಇರ್ಲಿ” ಎಂದರು. ಅವರ ಪಕ್ಕ ನಿಂತಿದ್ದ ಹೆಂಡತಿ ಶರಾವತಿ, ಒಣಹುಲ್ಲಿಗೆ ಕಿವಿಯಿಟ್ಟು ತೆವಳಿದ ಹೆಂಗಸಿನ ಸೀರೆಯ ಮಣ್ಣನ್ನೇ ನೋಡುತ್ತಿದ್ದರು. ಸುಮನಾ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು. ಬಸ್ಸಿನಲ್ಲಿ ಪಕ್ಕದವರು ಏನೋ ಕೇಳಿದರು. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಅವತ್ತು ತಪ್ಪು ಎಲ್ಲಿ ಆಯಿತೆಂದು ಯೋಚಿಸುತ್ತ ಇದ್ದುಬಿಟ್ಟಳು. ಮನೆಕರೆಂಟಿನ ಎಲ್ಲ ತಂತಿಗಳೂ ಒಂದೇ ಸಮನೆ ಗುಂಯ್‌ಗುಡುತ್ತವೆ; ಅವುಗಳ ನಡುವೆ ವಾಲ್ವಿನ ದನಿ ಬೇರೆಯಾಗಿ ಕೇಳಬೇಕಾದರೆ ಅದು ಬೇರೆ ರೀತಿಯಲ್ಲಿ ಮಾತಾಡಬೇಕು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವಳೇ ಹಳೆಯ ಸ್ಟೆಬಿಲೈಸರಿನಿಂದ ಒಂದು ಚಿಕ್ಕ ರಿಲೇ ಕಿತ್ತಳು. ಡ್ರಾಯರಿನಲ್ಲಿದ್ದ ಟೈಮರ್ ಐಸಿ, ಎರಡು ರೆಸಿಸ್ಟರು, ಒಂದು ಕೆಪ್ಯಾಸಿಟರು ಹುಡುಕಿ ಬೆಸೆದಳು. ಬ್ಯಾಟರಿ ಸಿಕ್ಕಿಸಿದಾಗ ರಿಲೇ ಟಕ್ ಎಂದು ಹತ್ತಿತು, ಟಕ್ ಎಂದು ಆರಿತು, ಮತ್ತೆ ಹತ್ತಿತು. ಅವಳಿಗೆ ಅದು ಕೇಳಲಿಲ್ಲ. ಬೆರಳ ತುದಿಯಲ್ಲಿ ತಿಳಿಯಿತು. ವಾಲ್ವಿಗೆ ಹೋಗುವ ಕರೆಂಟನ್ನು ಇದರ ಮೂಲಕ ಹಾಯಿಸಿದರೆ ಸುರುಳಿ ಗುಂಯ್ ಎಂದು ನಿಲ್ಲುತ್ತ, ಗುಂಯ್ ಎಂದು ನಿಲ್ಲುತ್ತ ಹೋಗುತ್ತದೆ. ನೆಲದೊಳಗೆ ಹಾಗೆ ಬಿಟ್ಟುಬಿಟ್ಟು ಗುಂಯ್‌ಗುಡುವುದು ಇನ್ನೊಂದಿರಲಾರದು.

ಆನಂದಪುರಕ್ಕೆ ಮತ್ತೆ ಹೋದಾಗ ಗಣೇಶಮೂರ್ತಿ ದಂಪತಿ ಯಾರದೋ ಉಪನಯನಕ್ಕೆ ಹೋಗಿದ್ದರು. ಹೂವಮ್ಮ ಒಬ್ಬಳೇ ಇದ್ದಳು. ಸುಮನಾ ಪೆಟ್ಟಿಗೆಯ ಹತ್ತಿರ ತನ್ನ ಸರ್ಕಿಟ್ಟು ಜೋಡಿಸಿದಳು, ಸ್ವಿಚ್ಚು ‘ಟಿ’ಗೆ ಸರಿಸಿದಳು, ಗೋಡೆಯ ಬದಿಯಿಂದ ಮಂಡಿಯೂರಿ ಹೊರಟಳು. ಮೊದಲು ಹಳೆಯ ಗುಂಯ್ ಮಾತ್ರ. ಕೇಬಲ್ಲನ್ನು ದಾಟಿದಳು. ಒಣಹುಲ್ಲು ಕೆನ್ನೆಗೆ ಚುಚ್ಚುತ್ತಿತ್ತು. ಬೇಲಿಯ ಕಡೆ ಸರಿದಂತೆ ಗುಂಯ್‌ನ ಅಡಿಯಲ್ಲಿ ಇನ್ನೇನೋ ಇರುವಂತಾಯಿತು. ಉಸಿರು ಹಿಡಿದಳು. ಹೌದು. ಬರುತ್ತಿತ್ತು, ನಿಲ್ಲುತ್ತಿತ್ತು. ಎಡಕ್ಕೆ ಹೋದರೆ ಸಣ್ಣದಾಯಿತು, ಬಲಕ್ಕೆ ಬಂದರೆ ತುಂಬಿಕೊಂಡಿತು. ಯಾರೂ ಅಗೆಯದಿದ್ದ ಮೂಲೆಯಲ್ಲಿ, ಬೇಲಿಯ ಕಲ್ಲಿನಿಂದ ಒಂದು ಕೈಯಳತೆ ಈಚೆ, ಅದು ಅವಳ ತಲೆಯೊಳಗೇ ಬಡಿಯತೊಡಗಿತು.

ಅಲ್ಲೇ ಬೆರಳಿಟ್ಟು ಹೂವಮ್ಮನ ಕಡೆ ನೋಡಿದಳು. ಗುದ್ದಲಿ ಎರಡು ಸಲ ಮಣ್ಣಿಗೆ ಬಿದ್ದದ್ದೇ ಪ್ಲಾಸ್ಟಿಕ್ಕಿನ ಹಸಿರು ಮುಚ್ಚಳ ಕಂಡಿತು. ಎತ್ತಿದರೆ ಒಳಗೆ ಅರ್ಧ ಕೆಸರು, ಕೆಸರಿನ ಮೇಲೆ ಅಂಗೈಯಗಲದ ಒಂದು ಕಪ್ಪೆ, ಕಪ್ಪೆಯ ಕೆಳಗೆ ವಾಲ್ವ್. ಕಪ್ಪೆಯನ್ನು ಹೂವಮ್ಮ ಎತ್ತಿ ಬೇಲಿಯಾಚೆ ಬಿಟ್ಟಳು. ಸುಮನಾ ನೀರಿನ ಮುಖ್ಯ ಗೇಟನ್ನು ಮುಚ್ಚಿಸಿ ವಾಲ್ವಿನ ತಲೆ ಬಿಚ್ಚಿದಳು. ಒಳಗಿನ ರಬ್ಬರಿನ ಪೊರೆಯ ಕೆಳಗೆ ಮರಳು ಗಟ್ಟಿಯಾಗಿ ಕೂತಿತ್ತು. ತೊಳೆದು, ಮತ್ತೆ ಕೂರಿಸಿ, ಗೇಟು ತೆರೆಸಿದಳು. ಒಣಗಿದ ಹುಲ್ಲಿನ ನಡುವಿನಿಂದ ಸ್ಪ್ರಿಂಕ್ಲರ್ ಮೂತಿಗಳು ಮೇಲೆದ್ದು ಚಿಮ್ಮತೊಡಗಿದವು. ಸರ್ಕಿಟ್ಟು ಇನ್ನೂ ನಡೆಯುತ್ತಿದ್ದುದರಿಂದ ನೀರೂ ಏಳುತ್ತ ಬೀಳುತ್ತ ಇತ್ತು.

ಹೂವಮ್ಮ ಕವಳವನ್ನು ಬೇಲಿಗೆ ಉಗಿದು, ಪೈಪಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅವಳೆದುರು ಬಂದು ಕೂತಳು. ತುಟಿ ಈಗ ನಿಚ್ಚಳವಾಗಿ ಕಂಡಿತು. “ಅದ್ರಲ್ಲಿ ಎಂತ ಕೇಳ್ತದೆ ನಿಂಗೆ?”

ಇಷ್ಟು ವರ್ಷಗಳಲ್ಲಿ ಅವಳಿಗೆ ಕೇಳದಿದ್ದುದರ ಬಗ್ಗೆ ಎಷ್ಟೋ ಜನ ವಿಚಾರಿಸಿದ್ದರು. ಕೇಳುವುದರ ಬಗ್ಗೆ ವಿಚಾರಿಸಿದವರಿರಲಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ ಸುಮನಾ ಯಂತ್ರವನ್ನೇ ಕಿವಿಯಿಂದ ತೆಗೆದು, ಅದರ ದನಿ ತಗ್ಗಿಸಿ, ಸೆರಗಿನಿಂದ ಒರೆಸಿ, ಹೂವಮ್ಮನ ಕಿವಿಗೆ ಹಿಡಿದಳು. ಹೂವಮ್ಮನ ತಲೆಯನ್ನು ಮೆಲ್ಲಗೆ ವಾಲ್ವಿನ ಹತ್ತಿರ ಬಾಗಿಸಿದಳು.

ಹೂವಮ್ಮನ ಹುಬ್ಬು ಮೇಲೇರಿತು. ಕಣ್ಣು ಮುಚ್ಚಿದಳು. ಆಮೇಲೆ ನಗುತ್ತ ಮಾತಾಡತೊಡಗಿದಳು. ಕಣ್ಣು ಮುಚ್ಚಿಕೊಂಡೇ, ಮುಖವನ್ನು ನೆಲಕ್ಕೆ ಬಾಗಿಸಿಕೊಂಡೇ, ಕೈಯಾಡಿಸುತ್ತ, ಬಹಳ ಹೊತ್ತು ಮಾತಾಡಿದಳು. ಸುಮನಾಳ ಕಿವಿ ಈಗ ಬರಿದು. ತುಟಿಯೂ ಕಾಣುತ್ತಿರಲಿಲ್ಲ. ತನಗೆ ಕೇಳುವುದನ್ನು ಮೊದಲ ಬಾರಿಗೆ ಇನ್ನೊಬ್ಬರು ಕೇಳುತ್ತಿದ್ದರು, ಅದರ ಬಗ್ಗೆ ಏನೋ ಹೇಳುತ್ತಲೂ ಇದ್ದರು. ಅವಳು ಯಂತ್ರ ಹಿಡಿದ ಕೈಯನ್ನು ಅಲುಗಿಸದೆ ಹೂವಮ್ಮನ ಬೈತಲೆಯನ್ನು ನೋಡುತ್ತ ಕೂತಿದ್ದಳು.

ಹೂವಮ್ಮ ಕಣ್ಣು ತೆರೆದಾಗ, ಆಡಿದ್ದೊಂದೂ ಸುಮನಾಳಿಗೆ ಕೇಳಿಲ್ಲವೆಂದು ಅವಳಿಗೇ ಹೊಳೆಯಿತು. ಯಂತ್ರವನ್ನು ತೆಗೆದು ಸುಮನಾಳ ಕೈಗಿಟ್ಟು, ಅವಳು ಕಿವಿಗೆ ಸಿಕ್ಕಿಸಿಕೊಂಡು ಸ್ವಿಚ್ಚು ಸರಿಸುವವರೆಗೂ ಕಾದಳು.

“ನಮ್ಮಮ್ಮ ಬತ್ತ ಕುಟ್ತಿದ್ಲು. ನಾನು ಒಳಗೆ ಮಲ್ಗಿದ್ರೆ ಗೋಡೆಯಿಂದ ಹಿಂಗೇ ಕೇಳ್ತಿತ್ತು. ದುಂ, ಬಿಟ್ಟು ದುಂ. ಅದನ್ನೇ ಹೇಳ್ದೆ,” ಎಂದಳು. ಗುದ್ದಲಿಗಂಟಿದ ಮಣ್ಣು ಕೆರೆಯುತ್ತ, “ಇನ್ನೂ ಎಂತೆಂತದೋ ಹೇಳ್ದೆ. ಮರ್ತೋಯ್ತು,” ಅಂದಳು.

ಆ ಕೆಲಸದ ಸುದ್ದಿಯನ್ನು ಗಣೇಶಮೂರ್ತಿ ನಾಲ್ಕು ಜನರಿಗೆ ಹೇಳಿದರು. ಬೇಸಿಗೆಯುದ್ದಕ್ಕೂ ಸುಮನಾಳಿಗೆ ಕರೆ ಬಂತು, ಎಲ್ಲ ಬರೆದ ಸಂದೇಶದ ಕರೆ. ಹೊಸನಗರದ ಒಂದು ನರ್ಸರಿಯಲ್ಲಿ ಸಸಿಯ ಚೀಲಗಳ ಕೆಳಗೆ ಸೇರಿಹೋಗಿದ್ದ ವಾಲ್ವುಗಳನ್ನು ಹುಡುಕಿ ಕೊಟ್ಟಳು. ತೀರ್ಥಹಳ್ಳಿಯಲ್ಲಿ ಒಂದು ಆಟದ ಮೈದಾನದ್ದು ಸಿಕ್ಕಿತು. ಇನ್ನೊಂದು ಕಡೆ ಸುರುಳಿಯೇ ಸುಟ್ಟಿದ್ದರಿಂದ ಸಿಗಲಿಲ್ಲ. ಸತ್ತ ಸುರುಳಿ ಮಿಡಿಯುವುದಿಲ್ಲ ಎಂದು ಹೇಳಿ ಬಂದಳು. ತೀರ್ಥಹಳ್ಳಿಗೆ ಹೋದ ದಿನ ಲಿಖಿತಾಳ ಮನೆಯಲ್ಲಿ ಉಳಿದಳು. ಊಟಕ್ಕೆ ಕೂತಾಗ ಎಲ್ಲರೂ ಏನನ್ನೋ ನೆನೆಸಿಕೊಂಡು ನಕ್ಕರು. ಸುಮನಾ ತಂಗಿಯ ಕಡೆ ನೋಡಿದಳು. ಲಿಖಿತಾ “ಆಮೇಲೆ ಹೇಳ್ತೀನಿ” ಎಂದು ಸನ್ನೆ ಮಾಡಿದಳು. ಆಮೇಲೆ ಪಾತ್ರೆ ತೊಳೆಯುವ ಹೊತ್ತಾಯಿತು, ಹಾಸಿಗೆ ಹಾಸುವ ಹೊತ್ತಾಯಿತು.

ಆನಂದಪುರದಿಂದ ಹೊರಡುವಾಗ ಹೂವಮ್ಮನಿಗೆ ತನ್ನ ನಂಬರು ಕೊಟ್ಟು ಬಂದಿದ್ದಳು. ಸ್ವಲ್ಪ ದಿನದಲ್ಲೇ ಸಂದೇಶಗಳು ಬರತೊಡಗಿದವು, ಎಲ್ಲವೂ ಧ್ವನಿಸಂದೇಶ. ಹೂವಮ್ಮನಿಗೆ ಓದುಬರಹ ಬಾರದು. ಸುಮನಾ “ನನಗೆ ಇದು ಕೇಳುವುದಿಲ್ಲ, ಯಾರಿಂದಾದರೂ ಬರೆಸಿ ಕಳಿಸಿ” ಎಂದು ಬರೆದಳು. ಅದನ್ನು ಓದಲಾರದ ಹೂವಮ್ಮ, ಉತ್ತರ ಬಂತಲ್ಲ ಎಂಬ ಖುಷಿಗೋ ಏನೋ, ಇನ್ನೊಂದು ಧ್ವನಿ ಕಳಿಸಿದಳು. ಹಾಗೆ ಆ ಬೇಸಿಗೆಯಿಡೀ ಇಬ್ಬರೂ ಒಬ್ಬರಿಗೊಬ್ಬರು ಕಳಿಸುತ್ತಲೇ ಹೋದರು. ಪಕ್ಕದ ಹೊಲಿಗೆಯವನ ಹತ್ತಿರ ಕೇಳಿಸಿ ಬರೆಸಿಕೊಳ್ಳಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ. ತನಗೆಂದು ಆಡಿದ ಮಾತನ್ನು ಮೂರನೆಯವರು ಮೊದಲು ಕೇಳುವುದು ಬೇಡ ಅನ್ನಿಸಿತು.

ಮಳೆ ಹಿಡಿಯಿತು. ಹುಲ್ಲಿಗೆ ನೀರು ಬೇಡವಾಯಿತು, ವಾಲ್ವು ಹುಡುಕಿಸುವವರೂ ಇಲ್ಲವಾದರು. ಅಂಗಡಿಯಲ್ಲಿ ಸುಮ್ಮನೆ ಕೂತ ಒಂದು ಮಧ್ಯಾಹ್ನ ಅವಳು ಸುಟ್ಟ ಮೋಟರಿನಿಂದ ಬಿಚ್ಚಿದ ತೆಳುತಂತಿಯನ್ನು ಕೈಯಲ್ಲಿ ಸುತ್ತುತ್ತಿದ್ದಳು. ಸುತ್ತುತ್ತ ಇದ್ದವಳು ತಟ್ಟನೆ ನಿಲ್ಲಿಸಿದಳು. ತಂತಿಯನ್ನು ತಲೆ ತೂರುವಷ್ಟು ಅಗಲದ ಬಳೆಯಾಗಿ ಹಲವು ಸುತ್ತು ಸುತ್ತಿ, ಟೇಪು ಬಿಗಿದು, ಅದರ ಎರಡು ತುದಿಗಳನ್ನು ಹಳೆಯ ರೇಡಿಯೋದ ಚಿಕ್ಕ ಆಂಪ್ಲಿಫೈಯರಿಗೆ ಸೇರಿಸಿದಳು; ಆಂಪ್ಲಿಫೈಯರನ್ನು ಮೊಬೈಲಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಿದಳು. ಹಳೆಯ ರಿಸೀವರಿನ ಸುರುಳಿಯ ಬದಲಿಗೆ ಇನ್ನು ಈ ಬಳೆ ಮಿಡಿಯಬೇಕು. ಬಳೆಯನ್ನು ಕೊರಳಿಗೆ ಹಾಕಿಕೊಂಡು ಸ್ವಿಚ್ಚು ‘ಟಿ’ಗೆ ಸರಿಸಿ ಹೂವಮ್ಮನ ಮೊದಲ ಸಂದೇಶವನ್ನು ಒತ್ತಿದಳು.

“ಹುಲ್ಲು ಚಿಗುರ್ತಾ ಇದೆ ಕಣೆ,” ಎಂದಿತು ಹೂವಮ್ಮನ ದನಿ. ತುದಿಗಳೂ ಸೇರಿ ಪೂರ್ತಿ ಕೇಳಿತು. ಬಾಯಲ್ಲಿ ಕವಳವಿದ್ದದ್ದೂ ತಿಳಿಯಿತು.

ಒಂದಾದ ಮೇಲೊಂದು ಕೇಳಿದಳು. ಕಪ್ಪೆ ವಾಪಸು ಬಂದು ಅದೇ ಮುಚ್ಚಳದ ಹತ್ತಿರ ಕೂತಿದೆ. ಸೊಂಟ ನೋವು. ನಿನ್ನೆ ಮದುವೆಗೆ ಬಂದವರು ಹುಲ್ಲಿನ ಮೇಲೆಲ್ಲ ಐಸ್‌ಕ್ರೀಮ್ ಚೆಲ್ಲಿದ್ರು. “ಈ ಭಾನುವಾರ ಬಾ ಮಾರಾಯ್ತಿ, ಹೊಳೆಮೀನು ತರ್ಸೀನಿ, ಇಬ್ರೇ ಉಣ್ಣಾಣ.” ಮುಂದಿನದು ಅದೇ ಭಾನುವಾರದ್ದು: “ಬರ್ತೀಯೇನೋ ಅಂತ ಕಾದೆ. ಕೆಲ್ಸ ಇತ್ತೇನೋ.” ಆಮೇಲಿನವು ಚಿಕ್ಕವಾಗುತ್ತ ಹೋಗಿದ್ದವು. ಕೊನೆಯದು ಮಳೆ ಶುರುವಾದ ದಿನದ್ದು. “ಇಲ್ಲಿ ಇನ್ನು ಕೆಲ್ಸ ಇಲ್ಲ ಅಂದ್ರು. ಕುಂದಾಪ್ರದ್ ಕಡೆ ಮಗಳ ಮನೆಗೆ ಹೋಗ್ತೀನಿ. ನೀ ಹುಷಾರು.”

ಸುಮನಾ ಆ ಭಾನುವಾರ ಏನು ಮಾಡುತ್ತಿದ್ದೆನೆಂದು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಎಲ್ಲ ಭಾನುವಾರಗಳಂತೆಯೇ ಕೋಣೆಯಲ್ಲಿ ಇದ್ದಿರಬೇಕು.

ಬಳೆಯನ್ನು ಕೊರಳಿಂದ ತೆಗೆಯದೆ ಕೂತಿದ್ದಳು. ಬರೆದರೆ ಹೂವಮ್ಮನಿಗೆ ಓದಲು ಬರುವುದಿಲ್ಲ. ತನ್ನ ದನಿಯನ್ನು ಅವಳು ಯಾರಿಗೂ ಹಾಗೆ ಕಳಿಸಿದವಳಲ್ಲ. ಅದು ಹೇಗಿದೆಯೋ, ಎಲ್ಲಿ ಏರುತ್ತದೋ, ಯಾವ ಅಕ್ಷರ ಸವೆದಿದೆಯೋ ಅವಳಿಗೇ ಗೊತ್ತಿರಲಿಲ್ಲ. ಎದ್ದು ಪಕ್ಕಕ್ಕೆ ಹೋಗಿ, ಗಿರಣಿಯವನಿಗೆ ಸ್ವಲ್ಪ ಹೊತ್ತು ನಿಲ್ಲಿಸುವಂತೆ ಕೈಸನ್ನೆ ಮಾಡಿದಳು. ಅವನು ಆಶ್ಚರ್ಯದಿಂದ ನೋಡಿ ಬೆಲ್ಟು ನಿಲ್ಲಿಸಿದ. ಅವಳು ಅಂಗಡಿಯ ಒಳಮೂಲೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮೈಕಿನ ಗುರುತನ್ನು ಒತ್ತಿ ಹಿಡಿದಳು.

“ನಾನು ಸುಮನಾ. ಮೀನಿನ ವಿಷ್ಯ ಈಗ ಕೇಳ್ದೆ,” ಎಂದಳು. ಇನ್ನೇನು ಹೇಳುವುದೆಂದು ಯೋಚಿಸಿದಳು. ಬೆರಳು ಹಾಗೇ ಇತ್ತು. ಆನಂದಪುರಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಿದಳು. ಮಗಳ ಮನೆಯಲ್ಲಿ ಎಲ್ಲ ಸೌಖ್ಯವೇ ಎಂದಳು. ಬೆರಳು ತೆಗೆದಾಗ ಸಂದೇಶ ಹೋಯಿತು.

ಗಿರಣಿಯವನು ಬಾಗಿಲಲ್ಲಿ ಬಂದು ನಿಂತು, ಇನ್ನು ಶುರುಮಾಡಲೇ ಎಂದು ಕೈಯಲ್ಲಿ ಕೇಳಿದ. ಅವಳು ಮಾಡು ಎಂದು ತಲೆಯಾಡಿಸಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮಿಕ್ಸಿಯ ಮುಂದೆ ಕೂತಳು. ಫೋನನ್ನು ಕಾಣುವ ಹಾಗೆ ಎದುರಿಗೆ ಒರಗಿಸಿಟ್ಟುಕೊಂಡಿದ್ದಳು.